ಸದ್ಯಕ್ಕೆಂದು ತೆರೆದ ಬಾಗಿಲುಗಳು: ಸಣ್ಣ ಉದ್ಯಮಗಳು ತಮ್ಮ ನೆಟ್‌ವರ್ಕ್‌ನ ದುರ್ಬಲ ಜಾಗಗಳನ್ನು ಹುಡುಕಿ ಸರಿಪಡಿಸುವ ಬಗೆ

ಒಂದು ಸೋಮವಾರ ಬೆಳಿಗ್ಗೆ ಎಂಟೂವರೆಗೆ ಫೋನ್ ಬಂತು. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಮಷಿನ್ ಶಾಪ್ ನಡೆಸುವವರು. "ಸರ, ಒಂದ್ ಫೈಲೂ ತೆರಿಯವಲ್ದು ನೋಡ್ರಿ. ಎಲ್ಲಾದರ ಹೆಸರೂ ಬದಲಾಗ್ಯಾವ" ಅಂದರು. ಹೋಗಿ ನೋಡಿದೆ. ಟ್ಯಾಲಿ ಲೆಕ್ಕಪತ್ರ, ಡ್ರಾಯಿಂಗ್‌ಗಳು, ಮಷಿನ್‌ಗಳನ್ನು ನಡೆಸುವ ಸಿಎನ್‌ಸಿ ಪ್ರೋಗ್ರಾಂಗಳು, ಹಾಜರಿ ಪಟ್ಟಿ, ಎಲ್ಲವೂ ಒಂದೇ ಸರ್ವರ್‌ನಲ್ಲಿದ್ದವು. ಎಲ್ಲಕ್ಕೂ ಬೀಗ ಬಿದ್ದಿತ್ತು. ಪ್ರತಿ ಫೋಲ್ಡರ್‌ನಲ್ಲೂ ಹಣ ಕೇಳುವ ಒಂದು ಚೀಟಿ. ಬ್ಯಾಕಪ್ ಇತ್ತು. ಆದರೆ ಆ ಹಾರ್ಡ್‌ಡಿಸ್ಕ್ ಇಪ್ಪತ್ನಾಲ್ಕು ತಾಸೂ ಅದೇ ಕಂಪ್ಯೂಟರ್‌ಗೆ ಚುಚ್ಚಿಕೊಂಡಿತ್ತು. ಅದಕ್ಕೂ ಬೀಗ.

ಕಾರಣ ಹುಡುಕಲು ಒಂದು ತಾಸು ಸಾಕಾಯಿತು. ಎರಡು ವರ್ಷದ ಹಿಂದೆ, ಜಿಎಸ್‌ಟಿ ರಿಟರ್ನ್ ತುಂಬುವ ಗಡಿಬಿಡಿಯಲ್ಲಿ, ಅಕೌಂಟೆಂಟ್‌ಗೆ ಮನೆಯಿಂದ ಟ್ಯಾಲಿ ಬೇಕಾಗಿತ್ತು. ರೂಟರ್‌ನಲ್ಲಿ 3389 ಎಂಬ ಪೋರ್ಟ್ ತೆರೆದರು. ವಿಂಡೋಸ್ ಕಂಪ್ಯೂಟರನ್ನು ದೂರದಿಂದ ನಡೆಸುವ ಬಾಗಿಲು ಅದು. "ಸದ್ಯಕ್ಕ ಇರಲಿ ಬಿಡ್ರಿ, ಆಮ್ಯಾಲೆ ಮುಚ್ಚೋಣು" ಅಂದಿದ್ದರಂತೆ. ರಿಟರ್ನ್ ಹೋಯಿತು. ಆ ಅಕೌಂಟೆಂಟ್ ಬೇರೆ ಕಡೆ ಕೆಲಸಕ್ಕೆ ಹೋದರು. ಬಾಗಿಲು ಮಾತ್ರ ಹಾಗೇ ಉಳಿಯಿತು. ಪಾಸ್‌ವರ್ಡ್ ಕಂಪನಿಯ ಹೆಸರು, ಮುಂದೆ 123.

ಅವರು ಹಣ ಕೊಡಲಿಲ್ಲ. ಮಾರಾಟ, ಖರೀದಿಯ ಲೆಕ್ಕವನ್ನು ಜಿಎಸ್‌ಟಿ ಪೋರ್ಟಲ್‌ನಿಂದ, ಬ್ಯಾಂಕ್ ಸ್ಟೇಟ್‌ಮೆಂಟ್‌ನಿಂದ ಮತ್ತೆ ಕಟ್ಟಿದೆವು. ಸಿಎನ್‌ಸಿ ಪ್ರೋಗ್ರಾಂಗಳಲ್ಲಿ ಕೆಲವನ್ನು ಮಷಿನ್‌ಗಳ ಕಂಟ್ರೋಲರ್‌ನಿಂದಲೇ ಒಂದೊಂದಾಗಿ ಹೊರತೆಗೆದೆವು. ಸ್ಟಾಕ್ ಮತ್ತು ಯಾವ ಜಾಬ್‌ಗೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ಸಿಗಲೇ ಇಲ್ಲ. ಡ್ರಾಯಿಂಗ್‌ಗಳನ್ನು ಗಿರಾಕಿಗಳಿಂದ ಮತ್ತೆ ಕೇಳಿ ತರಿಸಬೇಕಾಯಿತು. ಹಾಗೆ ಕೇಳುವುದೇ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟಿತು ಎಂದು ಮಾಲೀಕರು ಹೇಳಿದ್ದು ನನಗೆ ಇನ್ನೂ ನೆನಪಿದೆ.

ಇಂಥ ಕರೆ ಬಂದಾಗೆಲ್ಲ ಹೋಗಿ ನೋಡಿದ್ದೇನೆ. ಸಣ್ಣ ಉದ್ಯಮಗಳಿಗೆ ಬೀಳುವ ಪೆಟ್ಟಿನ ಹಿಂದೆ ದೊಡ್ಡ ಜಾಣತನದ ಹ್ಯಾಕಿಂಗ್ ಇರುವುದು ತೀರಾ ಕಡಿಮೆ. ಯಾವುದೋ ಕೆಲಸಕ್ಕೆ ಸದ್ಯಕ್ಕೆಂದು ತೆರೆದು ಮರೆತ ಒಂದು ಬಾಗಿಲು ಇರುತ್ತದೆ. ಹಾಗಾಗಿ ಅದನ್ನು ಹುಡುಕಲು ದೊಡ್ಡ ಪರಿಣತಿ ಬೇಕಿಲ್ಲ, ಒಂದು ಕ್ರಮ ಬೇಕು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಹತ್ತು ಕಂಪ್ಯೂಟರ್ ಇರುವ ಫೌಂಡ್ರಿ, ಇಳಕಲ್ಲಿನ ಸೀರೆ ಅಂಗಡಿ, ವಿಜಯಪುರದ ಒಣದ್ರಾಕ್ಷಿ ಕೋಲ್ಡ್ ಸ್ಟೋರೇಜ್, ಊರಿನ ಪತ್ತಿನ ಸಹಕಾರಿ ಸಂಘ, ಎಲ್ಲರಿಗೂ ಹೊಂದುತ್ತದೆ.

"ನಮ್ಮಂಥವರನ್ನು ಯಾರು ಹುಡುಕಿಕೊಂಡು ಬರುತ್ತಾರೆ?"

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ನಿಮ್ಮನ್ನೇ ಹುಡುಕಿಕೊಂಡು ಯಾರೂ ಬರುವುದಿಲ್ಲ ನಿಜ. ಬರಬೇಕಾಗಿಯೂ ಇಲ್ಲ. ಹಳೆಯ ಬಗೆಯ ಇಂಟರ್ನೆಟ್ ವಿಳಾಸಗಳು ಒಟ್ಟು ಸುಮಾರು 430 ಕೋಟಿ. ಅಷ್ಟೂ ವಿಳಾಸಗಳಲ್ಲಿ ಒಂದು ಪೋರ್ಟ್ ತೆರೆದಿದೆಯೇ ಎಂದು ಒಂದೇ ಕಂಪ್ಯೂಟರ್‌ನಿಂದ ಮುಕ್ಕಾಲು ತಾಸಿನೊಳಗೆ ನೋಡಬಹುದು. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲೇ ಝಡ್‌ಮ್ಯಾಪ್ ಎಂಬ ಉಪಕರಣದಿಂದ ಇದನ್ನು ಮಾಡಿ ತೋರಿಸಿದ್ದಾರೆ. ಹಾಗೆ ಬಾಗಿಲು ಬಡಿಯುತ್ತಾ ಹೋಗುವ ಯಂತ್ರಕ್ಕೆ ಉದ್ಯಮಬಾಗ್ ಯಾವುದು, ನ್ಯೂಯಾರ್ಕ್ ಯಾವುದು ಎಂಬುದು ಬೇಕಾಗಿಲ್ಲ.

2016ರ ಮಿರಾಯ್ ಎಂಬ ಕುತಂತ್ರಾಂಶ ಇದೇ ದಾರಿ ಹಿಡಿದಿತ್ತು. ಅದರ ಬಳಿ ಇದ್ದದ್ದು ಅರವತ್ತರ ಆಸುಪಾಸು ಹೆಸರು-ಪಾಸ್‌ವರ್ಡ್ ಜೋಡಿಗಳು, ಕಂಪನಿಯಿಂದ ಬರುವಾಗಲೇ ಇರುವಂಥವು. ಅಷ್ಟರಲ್ಲೇ ಲಕ್ಷಗಟ್ಟಲೆ ಕ್ಯಾಮೆರಾ, ಅದರ ವಿಡಿಯೋ ಉಳಿಸಿಡುವ ಡಿವಿಆರ್, ರೂಟರ್‌ಗಳನ್ನು ವಶಕ್ಕೆ ತೆಗೆದುಕೊಂಡಿತು. ಮರುವರ್ಷ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಬಂತು. ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ 2017ರ ಮಾರ್ಚ್ 14ಕ್ಕೇ ಪ್ಯಾಚ್, ಅಂದರೆ ದೋಷ ಮುಚ್ಚುವ ಅಪ್‌ಡೇಟ್, ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ಕ್ಕೆ. ನಡುವೆ ಸುಮಾರು ಎರಡು ತಿಂಗಳು! ಆ ಎರಡು ತಿಂಗಳಲ್ಲಿ ಅಪ್‌ಡೇಟ್ ಹಾಕಿಕೊಂಡವರಿಗೆ ಆ ದೋಷದಿಂದ ಏನೂ ಆಗಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಬಂದ ನಾಟ್‌ಪೆಟ್ಯಾ ಎಂಬ ಇನ್ನೊಂದು ಕುತಂತ್ರಾಂಶದಿಂದ ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್‌ನ ಕೆಲಸವೇ ನಿಂತಿತು. ಎಲ್ಲಿಯೋ ಬಿದ್ದ ಪೆಟ್ಟಿನಿಂದ ನಮ್ಮ ಕಡೆಯ ಬಂದರಿನ ಗೇಟಿನಲ್ಲಿ ಕಂಟೇನರ್‌ಗಳು ಸಾಲುಗಟ್ಟಿ ನಿಲ್ಲಬೇಕಾಯಿತು.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಮಾಡದೆ ಅದು ಸೋರಿದರೆ 250 ಕೋಟಿ ರೂಪಾಯಿವರೆಗೂ ದಂಡದ ಅವಕಾಶ ಇಟ್ಟಿದ್ದಾರೆ. ಅದು ಗರಿಷ್ಠ ಮಿತಿ, ಸಣ್ಣ ಅಂಗಡಿಗೆ ಅಷ್ಟು ಬೀಳುತ್ತದೆ ಎಂದಲ್ಲ. ಆದರೆ ಗಿರಾಕಿಯ ಆಧಾರ್ ಪ್ರತಿ, ಫೋನ್ ನಂಬರ್ ಇಟ್ಟುಕೊಂಡವರಿಗೆ ಹೊಣೆಯಂತೂ ಇದೆ. ಇನ್ನೊಂದು, ದೊಡ್ಡ ಕಂಪನಿಗಳು ಈಗ ಬಿಡಿಭಾಗ ಕೊಡುವವರನ್ನೂ "ನಮ್ಮ ಡ್ರಾಯಿಂಗ್ ನಿಮ್ಮಲ್ಲಿ ಎಷ್ಟು ಸುರಕ್ಷಿತ?" ಎಂದು ಕೇಳುತ್ತಿವೆ. ಉತ್ತರ ಸಿದ್ಧವಿದ್ದರೆ ಆರ್ಡರ್ ಉಳಿಯುತ್ತದೆ.

ಶುರು ಮಾಡುವ ಮುನ್ನ ಒಂದು ಕಾಗದ

ಕೆಲಸ ನೀವೇ ಮಾಡಿದರೂ, ಹೊರಗಿನವರು ಮಾಡಿದರೂ, ಮಾಲೀಕರ ಲಿಖಿತ ಒಪ್ಪಿಗೆ ಇರಲಿ. ಯಾವ ನೆಟ್‌ವರ್ಕ್, ಯಾವ ದಿನ, ಯಾರು ಎಂದು ನಾಲ್ಕು ಸಾಲು ಸಾಕು. ಒಪ್ಪಿಗೆ ಇಲ್ಲದೆ ಬೇರೆಯವರ ಕಂಪ್ಯೂಟರ್‌ಗೆ ನುಗ್ಗುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಕಲಮಿನ ಪ್ರಕಾರ ಅಪರಾಧ. ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಪಕ್ಕದ ಶೆಡ್‌ನ ವೈಫೈಯನ್ನು "ಸುಮ್ನೆ ನೋಡೋಣ" ಎಂದೂ ಮುಟ್ಟಬೇಡಿ.

ದಿನ ಆರಿಸುವಾಗ ಜಾಗ್ರತೆ. ಹಳೆಯ ಸಿಎನ್‌ಸಿ ಕಂಟ್ರೋಲರ್‌ಗಳು, ಹಳೆಯ ಪ್ರಿಂಟರ್‌ಗಳು ನೆಟ್‌ವರ್ಕ್ ಸ್ಕ್ಯಾನ್ ಮಾಡುವಾಗಲೇ, ಅಂದರೆ ಸಾಧನಗಳ ಒಂದೊಂದು ಬಾಗಿಲನ್ನೂ ಬಡಿದು ನೋಡುವಾಗಲೇ, ಸ್ತಬ್ಧವಾಗುವುದುಂಟು. ಕಟ್ಟಿಂಗ್ ನಡೆಯುವಾಗ ಹಾಗಾದರೆ ಜಾಬ್ ಕೆಡುತ್ತದೆ. ವಾರದ ರಜೆಯ ದಿನವೇ ಒಳ್ಳೆಯದು.

ಮೊದಲ ಹೆಜ್ಜೆ: ಕೇಬಲ್ ಹಿಡಿದು ನಡೆಯಿರಿ

ಒಂದು ಉದ್ದ ನೋಟ್‌ಬುಕ್ ತೆಗೆದುಕೊಳ್ಳಿ. ರೂಟರ್ ಇಟ್ಟ ಜಾಗದಿಂದ ಹೊರಟು ಪ್ರತಿ ಕೇಬಲ್ ಎಲ್ಲಿಗೆ ಹೋಗುತ್ತದೆ ನೋಡುತ್ತಾ ನಡೆಯಿರಿ. ಸಿಕ್ಕ ಪ್ರತಿ ಸಾಧನಕ್ಕೆ ಒಂದು ಸಾಲು. ಏನು, ಎಲ್ಲಿದೆ, ಯಾರು ಹಾಕಿದರು, ಪಾಸ್‌ವರ್ಡ್ ಯಾರ ಬಳಿ ಇದೆ, ಕೊನೆಯ ಅಪ್‌ಡೇಟ್ ಯಾವಾಗ.

ಕಂಪ್ಯೂಟರ್‌ಗಳನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಬೇರೆಯವನ್ನು. ಗೇಟಿನ ಬಳಿಯ ಬೆರಳಚ್ಚು ಹಾಜರಿ ಯಂತ್ರ. ವೇಬ್ರಿಜ್‌ನ ಕಂಪ್ಯೂಟರ್. ಮಾಳಿಗೆಯ ಮೇಲಿನ ಸೋಲಾರ್ ಇನ್ವರ್ಟರ್, ಅದರ ಬೆನ್ನಿಗೆ ಒಂದು ಪುಟ್ಟ ವೈಫೈ ಕಡ್ಡಿ ಇರುತ್ತದೆ. ಕೋಲ್ಡ್ ಸ್ಟೋರೇಜ್‌ನಲ್ಲಿ ಉಷ್ಣತೆ ತೋರಿಸುವ ಪೆಟ್ಟಿಗೆ. ಕ್ಯಾಬಿನ್‌ನ ಟಿವಿ. ಒಂದು ಕಡೆ ಸಿಗ್ನಲ್ ಬರುವುದಿಲ್ಲವೆಂದು ಮನೆಯಿಂದ ತಂದು ಹಾಕಿದ ಹಳೆಯ ರೂಟರ್ ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ನೋಡಿದ್ದೇನೆ. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ.

ಪಟ್ಟಿ ಆದ ಮೇಲೆ ರೂಟರ್‌ನ ಪುಟ ತೆರೆದು, ಸದ್ಯ ಸೇರಿಕೊಂಡಿರುವ ಸಾಧನಗಳ ಪಟ್ಟಿ ನೋಡಿ. ಮೊಬೈಲ್‌ನಲ್ಲಿ ಫಿಂಗ್ ಎಂಬ ಆಪ್ ಹಾಕಿಕೊಂಡರೂ ಅದೇ ಕೆಲಸ ಆಗುತ್ತದೆ. ನೋಟ್‌ಬುಕ್‌ನಲ್ಲಿ 23 ಇದ್ದು ರೂಟರ್ 31 ತೋರಿಸಿದರೆ, ಆ ಎಂಟು ಯಾವುವು? ಕೆಲವು ಕೆಲಸಗಾರರ ಮೊಬೈಲ್ ಇರಬಹುದು. ಒಂದನ್ನೂ ಬಿಡದೆ ಹುಡುಕಿ. ಈ ಹೆಜ್ಜೆಗೆ ಒಂದು ಇಡೀ ದಿನ ಹೋದರೂ ಬೇಸರ ಬೇಡ. ಪಟ್ಟಿ ಸರಿಯಿಲ್ಲದಿದ್ದರೆ ಮುಂದಿನ ಕೆಲಸವೆಲ್ಲ ಅರ್ಧಮರ್ಧ.

ಇದೇ ನೋಟ್‌ಬುಕ್‌ನಲ್ಲಿ ಜನರ ಪಟ್ಟಿಯೂ ಇರಲಿ. ಯಾರಿಗೆ ಯಾವ ಲಾಗಿನ್ ಇದೆ? ಕೆಲಸ ಬಿಟ್ಟವರ ಲಾಗಿನ್ ಇನ್ನೂ ಇದೆಯಾ? ಅವರ ಮೇಲೆ ಸಂಶಯ ಪಡುವ ಮಾತಲ್ಲ ಇದು. ಅವರು ಅದೇ ಪಾಸ್‌ವರ್ಡನ್ನು ಬೇರೆ ಕಡೆಯೂ ಬಳಸಿ, ಅಲ್ಲಿಂದ ಅದು ಸೋರಿದರೆ, ಬಾಗಿಲು ತೆರೆಯುವುದು ನಿಮ್ಮದು.

ಎರಡನೇ ಹೆಜ್ಜೆ: ಬೀದಿಯಲ್ಲಿ ನಿಂತು ನಿಮ್ಮ ಮನೆ ನೋಡಿ

ಹೊರಗಿನಿಂದ ಏನು ಕಾಣುತ್ತದೆ ಎಂಬುದೇ ಎಲ್ಲಕ್ಕಿಂತ ಮುಖ್ಯ.

ಮೊದಲು ನಿಮ್ಮ ಇಂಟರ್ನೆಟ್ ಕನೆಕ್ಷನ್ ಯಾವ ಬಗೆಯದು ತಿಳಿಯಿರಿ. ರೂಟರ್‌ನ ಸ್ಟೇಟಸ್ ಪುಟದಲ್ಲಿ ಹೊರಗಿನ ವಿಳಾಸ ನೋಡಿ. ಅದು 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರ ನಡುವೆ ಇದ್ದರೆ, ಕಂಪನಿಯವರು ಹಲವು ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಇಟ್ಟಿದ್ದಾರೆ ಎಂದರ್ಥ. ಆಗ ಹೊರಗಿನವರು ನೇರವಾಗಿ ಬರುವುದು ಕಷ್ಟ. ಆದರೆ ಟ್ಯಾಲಿಗೋ ಕ್ಯಾಮೆರಾಕ್ಕೋ ಬೇಕೆಂದು ಸ್ಟ್ಯಾಟಿಕ್ ಐಪಿ, ಅಂದರೆ ಬದಲಾಗದ ಸ್ವಂತ ವಿಳಾಸ, ತೆಗೆದುಕೊಂಡವರು ನೇರವಾಗಿ ಬೀದಿಗೇ ಮುಖ ಮಾಡಿ ಕೂತಿರುತ್ತಾರೆ. ಹೊಸ ಬಗೆಯ ಐಪಿವಿ6 ವಿಳಾಸ ಇದ್ದರೂ ಎಚ್ಚರ. ಅಲ್ಲಿ ಹಿಂದೆ ಅಡಗಿಕೊಳ್ಳುವ ಅನುಕೂಲ ಇರುವುದಿಲ್ಲ. ರೂಟರ್‌ನ ಐಪಿವಿ6 ಫೈರ್‌ವಾಲ್ ಆನ್ ಆಗಿದೆಯೇ ನೋಡಿ.

ಈಗ ರೂಟರ್‌ನ ಪುಟದಲ್ಲಿ ಪೋರ್ಟ್ ಫಾರ್ವರ್ಡಿಂಗ್ ಹುಡುಕಿ. ಕೆಲವು ರೂಟರ್‌ಗಳಲ್ಲಿ ಅದಕ್ಕೆ ವರ್ಚುವಲ್ ಸರ್ವರ್ ಎಂಬ ಹೆಸರು. ಅಲ್ಲಿರುವ ಪ್ರತಿ ಸಾಲೂ ಒಂದು ತೆರೆದ ಬಾಗಿಲು. ಪ್ರತಿಯೊಂದಕ್ಕೂ ಕೇಳಿ: ಇದನ್ನು ಯಾರು ತೆರೆದರು, ಯಾತಕ್ಕೆ, ಇವತ್ತಿಗೂ ಬೇಕಾ? ಉತ್ತರ ಹೇಳಲು ಯಾರೂ ಇಲ್ಲದಿದ್ದರೆ ಅದನ್ನು ಬಂದ್ ಮಾಡಿ ಒಂದು ವಾರ ಕಾಯಿರಿ. ಯಾರಿಗಾದರೂ ಬೇಕಿದ್ದರೆ ಅವರೇ ಬಂದು ಕೇಳುತ್ತಾರೆ. ಹತ್ತಿರದಲ್ಲೇ ಯುಪಿಎನ್‌ಪಿ ಎಂಬ ಆಯ್ಕೆ ಇರುತ್ತದೆ. ಒಳಗಿನ ಸಾಧನ ಯಾರನ್ನೂ ಕೇಳದೆ ತಾನೇ ಬಾಗಿಲು ತೆರೆದುಕೊಳ್ಳಲು ಬಿಡುವ ಸೌಲಭ್ಯ ಅದು. ಅದನ್ನೂ ಬಂದ್ ಮಾಡಿ. ರೂಟರನ್ನು ಹೊರಗಿನಿಂದ ನಿರ್ವಹಿಸುವ ಆಯ್ಕೆಯನ್ನೂ ಅಷ್ಟೇ.

ಸೆಟ್ಟಿಂಗ್ ಏನೇ ಹೇಳಲಿ, ಕಣ್ಣಾರೆ ನೋಡಿ. ಲ್ಯಾಪ್‌ಟಾಪನ್ನು ಮೊಬೈಲ್ ಡೇಟಾಗೆ ಸೇರಿಸಿ, ಅಂದರೆ ಆಫೀಸಿನ ವೈಫೈ ಬಿಟ್ಟು. ಝೆನ್‌ಮ್ಯಾಪ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ನಿಮ್ಮ ಸ್ಟ್ಯಾಟಿಕ್ ಐಪಿ ಹಾಕಿ ಸ್ಕ್ಯಾನ್ ಮಾಡಿ. 1997ರಿಂದ ಬಳಕೆಯಲ್ಲಿರುವ ಎನ್‌ಮ್ಯಾಪ್ ಉಪಕರಣಕ್ಕೆ ಕಿಟಕಿ, ಬಟನ್ ಕೊಟ್ಟ ರೂಪ ಅದು. 23 ದೂರದಿಂದ ಆಜ್ಞೆ ಕೊಡುವ ಹಳೆಯ ವಿಧಾನ ಟೆಲ್ನೆಟ್‌ನದು, 445 ವಿಂಡೋಸ್ ಫೈಲ್ ಹಂಚಿಕೆಯದು, 554 ಕ್ಯಾಮೆರಾ ವಿಡಿಯೋದು, 80 ಮತ್ತು 8080 ಸಾಮಾನ್ಯವಾಗಿ ಡಿವಿಆರ್ ಅಥವಾ ರೂಟರ್‌ನ ಪುಟದ್ದು, 9000 ಟ್ಯಾಲಿ ರೂಢಿಯಾಗಿ ಬಳಸುವುದು. ಇವು ಹೊರಗಿನಿಂದ ಕಾಣಬಾರದು. 3389 ತೆರೆದು ಕಂಡರೆ ಇದನ್ನು ಓದುವುದು ಇಲ್ಲಿಗೇ ನಿಲ್ಲಿಸಿ, ಮೊದಲು ಅದನ್ನು ಮುಚ್ಚಿ ಬನ್ನಿ.

ಮೂರನೇ ಹೆಜ್ಜೆ: ಒಳಗಿನಿಂದ ನೋಡಿ

ಈಗ ಆಫೀಸಿನ ನೆಟ್‌ವರ್ಕ್‌ಗೆ ಸೇರಿ ಅದೇ ಝೆನ್‌ಮ್ಯಾಪ್‌ನಿಂದ ಒಳಗಿನ ಅಷ್ಟೂ ವಿಳಾಸಗಳನ್ನು ನೋಡಿ. ಇನ್ನೂ ಆಳಕ್ಕೆ ಹೋಗಬೇಕೆಂದರೆ ಗ್ರೀನ್‌ಬೋನ್‌ನ ಉಚಿತ ಆವೃತ್ತಿ ಇದೆ. ಯಾವ ಸಾಧನದಲ್ಲಿ ಯಾವ ಗೊತ್ತಿರುವ ದೋಷ ಇದೆ ಎಂದು ಅಂಕದ ಜೊತೆ ಪಟ್ಟಿ ಕೊಡುತ್ತದೆ. ಅದನ್ನು ನಡೆಸಲು ಸ್ವಲ್ಪ ಲಿನಕ್ಸ್ ಗೊತ್ತಿರುವವರು ಬೇಕು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಲಿಯುವ ಹುಡುಗ ಹುಡುಗಿಯರಿಗೆ ಇಂಥ ನಿಜವಾದ ಕೆಲಸ ಸಿಗುವುದು ಅಪರೂಪ. ಪ್ರಾಧ್ಯಾಪಕರ ಮೂಲಕ, ಲಿಖಿತ ಒಪ್ಪಿಗೆ ಕೊಟ್ಟು ಕೇಳಿ ನೋಡಿ.

ಸ್ಕ್ಯಾನರ್ ಹೇಳದ ಕೆಲವನ್ನು ಕೈಯಿಂದಲೇ ನೋಡಬೇಕು. ಟ್ಯಾಲಿ ಡೇಟಾ ಫೋಲ್ಡರ್ ಯಾರ‍್ಯಾರಿಗೆ ತೆರೆದಿದೆ? ಬಹಳ ಕಡೆ ಎಲ್ಲರಿಗೂ ಪೂರ್ತಿ ಹಕ್ಕು ಕೊಟ್ಟಿರುತ್ತಾರೆ. ಆಗ ಗೇಟಿನ ಕಂಪ್ಯೂಟರ್‌ಗೆ ವೈರಸ್ ಬಂದರೂ ಟ್ಯಾಲಿ ಹೋಗುತ್ತದೆ. ಡಿವಿಆರ್, ಕೇಬಲ್‌ಗಳನ್ನು ಕೂಡಿಸುವ ನೆಟ್‌ವರ್ಕ್ ಸ್ವಿಚ್, ಹಾಜರಿ ಯಂತ್ರಗಳಲ್ಲಿ ಕಂಪನಿ ಕೊಟ್ಟ ಪಾಸ್‌ವರ್ಡೇ ಇದೆಯಾ? ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್‌ನಂಥ ಸಾಫ್ಟ್‌ವೇರ್‌ಗಳಲ್ಲಿ, ಈ ಕಡೆ ಯಾರೂ ಒಪ್ಪದಿದ್ದರೂ ಒಳಗೆ ಬರಲು ಬಿಡುವ ಪಾಸ್‌ವರ್ಡ್ ಇಟ್ಟಿದ್ದಾರಾ? ವೈಫೈ ಪಾಸ್‌ವರ್ಡ್ ಗೋಡೆಗೆ ಅಂಟಿಸಿದ್ದೀರಾ?

ನಾಲ್ಕನೇ ಹೆಜ್ಜೆ: ಯಾವುದು ಮೊದಲು?

ಇಲ್ಲಿಯೇ ಬಹಳ ಜನ ಕೈಚೆಲ್ಲುತ್ತಾರೆ. ಸ್ಕ್ಯಾನರ್ ಇನ್ನೂರು ದೋಷ ತೋರಿಸುತ್ತದೆ, ತಲೆ ತಿರುಗುತ್ತದೆ. ಪ್ರತಿ ದೋಷಕ್ಕೆ ಸೊನ್ನೆಯಿಂದ ಹತ್ತರವರೆಗೆ ಅಂಕ ಇರುತ್ತದೆ. 9 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅತಿ ಗಂಭೀರ ಎಂದು ಲೆಕ್ಕ. ಆದರೆ ಅಂಕದ ಕ್ರಮದಲ್ಲಿ ಮಾಡುತ್ತಾ ಹೋಗುವುದು ನನ್ನ ಪ್ರಕಾರ ತಪ್ಪು. ಮೂಲೆಯ ಪ್ರಿಂಟರ್‌ಗೆ 9.8 ಇರಬಹುದು. ದೋಷವೇ ಇಲ್ಲದ, ಆದರೆ ಸುಲಭ ಪಾಸ್‌ವರ್ಡ್ ಇಟ್ಟು ಹೊರಗೆ ತೆರೆದ ಟ್ಯಾಲಿ ಸರ್ವರ್‌ಗೆ ಅಂಕವೇ ಇರುವುದಿಲ್ಲ. ಮುಳುಗಿಸುವುದು ಎರಡನೆಯದು.

ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೊರಗಿನಿಂದ ಇದನ್ನು ಮುಟ್ಟಬಹುದಾ? ಈ ದೋಷವನ್ನು ಈಗಾಗಲೇ ದಾಳಿಕೋರರು ಬಳಸುತ್ತಿದ್ದಾರಾ? ಇದು ಬಿದ್ದರೆ ನಾಳೆ ಕೆಲಸ ನಿಲ್ಲುತ್ತದಾ? ಎರಡನೆಯದಕ್ಕೆ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ, ಬಳಕೆಯಲ್ಲಿರುವ ದೋಷಗಳ ಒಂದು ಪಟ್ಟಿಯನ್ನು ಎಲ್ಲರಿಗೂ ಉಚಿತವಾಗಿ ಇಟ್ಟಿದೆ. ನಮ್ಮ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಕೂಡ ಎಚ್ಚರಿಕೆಗಳನ್ನು ಪ್ರಕಟಿಸುತ್ತದೆ. ಮೂರಕ್ಕೂ ಹೌದು ಎಂದರೆ ಇವತ್ತೇ. ಎರಡಕ್ಕೆ ಹೌದು ಎಂದರೆ ಈ ವಾರ. ಉಳಿದದ್ದು ಈ ತಿಂಗಳು. ಹೊರಗೆ ತೆರೆದ ರಿಮೋಟ್ ಡೆಸ್ಕ್‌ಟಾಪ್‌ಗೆ, ಅಂದರೆ ಆ 3389ಕ್ಕೆ, ಮಾತ್ರ ಪ್ರಶ್ನೆಗಳ ಅಗತ್ಯವೇ ಇಲ್ಲ.

ಐದನೇ ಹೆಜ್ಜೆ: ಸರಿಪಡಿಸುವುದು

ದೂರದಿಂದ ಕೆಲಸ ಬೇಕೇ ಬೇಕು ಎಂದರೆ ವಿಪಿಎನ್, ಅಂದರೆ ಲಾಗಿನ್ ಇದ್ದವರು ಮಾತ್ರ ಒಳಬರುವ ಗುಪ್ತ ದಾರಿ, ಹಾಕಿಸಿ. ವೈರ್‌ಗಾರ್ಡ್, ಓಪನ್‌ವಿಪಿಎನ್ ಎರಡೂ ಉಚಿತ. ಒಳ್ಳೆಯ ರೂಟರ್‌ಗಳಲ್ಲಿ ಮೊದಲೇ ಇರುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರಲಿ. ಪಾಸ್‌ವರ್ಡ್ ಜೊತೆಗೆ ಮೊಬೈಲ್ ಕೋಡ್ ಕೂಡ ಇರಲಿ. 2021ರಲ್ಲಿ ಅಮೆರಿಕದ ಕಲೋನಿಯಲ್ ಎಂಬ ದೊಡ್ಡ ಇಂಧನ ಪೈಪ್‌ಲೈನ್ ಹಲವು ದಿನ ನಿಂತಿತು. ದಾಳಿಕೋರರು ಒಳಬಂದದ್ದು ಒಂದು ಹಳೆಯ ವಿಪಿಎನ್ ಲಾಗಿನ್‌ನಿಂದ. ಅದು ಯಾರ ಬಳಕೆಯಲ್ಲೂ ಇರಲಿಲ್ಲ, ಅದಕ್ಕೆ ಎರಡನೇ ಕೋಡ್ ಕೂಡ ಇರಲಿಲ್ಲ. ಇಲ್ಲಿಯೂ ಅದೇ ಕತೆ, ಮುಚ್ಚಲು ಮರೆತ ಬಾಗಿಲು.

ರೂಟರ್‌ನ ಫರ್ಮ್‌ವೇರ್, ಅಂದರೆ ಅದರೊಳಗಿನ ಸಾಫ್ಟ್‌ವೇರ್, ಹೊಸದು ಮಾಡಿ. ಪಾಸ್‌ವರ್ಡ್ ಬದಲಿಸಿ. ವೈಫೈಗೆ ಡಬ್ಲ್ಯೂಪಿಎ2 ಅಥವಾ 3 ಎಂಬ ಭದ್ರತಾ ಆಯ್ಕೆ ಇರಲಿ, ಬಟನ್ ಒತ್ತಿ ಸೇರಿಸುವ ಡಬ್ಲ್ಯೂಪಿಎಸ್ ಬಂದ್ ಇರಲಿ. ಕಂಪನಿಯೇ ಅಪ್‌ಡೇಟ್ ನಿಲ್ಲಿಸಿದ ರೂಟರ್ ಆದರೆ ಹೊಸದು ತನ್ನಿ. ಹಾಳಾಗದ ವಸ್ತು ಎಸೆಯಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೆ ಬೀಗ ಸವೆದ ಮುಂಬಾಗಿಲನ್ನು ಕಟ್ಟಿಗೆ ಗಟ್ಟಿಯಿದೆ ಎಂದು ಉಳಿಸಿಕೊಳ್ಳುತ್ತೇವಾ?

ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರದಿದ್ದರೆ ಮುಂದೆ ಸಿಗುವ ದೋಷಗಳಿಗೆ ಪ್ಯಾಚ್ ಬರುವುದಿಲ್ಲ. ಯಾವ ಕಂಪ್ಯೂಟರ್ ಬದಲಿಸಬೇಕು ಎಂಬ ಪಟ್ಟಿ ಮೊದಲ ಹೆಜ್ಜೆಯಲ್ಲೇ ನಿಮ್ಮ ಬಳಿ ಇದೆ. ವಾನಾಕ್ರೈ ಹರಡಿದ ಎಸ್‌ಎಮ್‌ಬಿ 1.0 ಎಂಬ ಹಳೆಯ ಫೈಲ್ ಹಂಚಿಕೆ ವಿಧಾನವನ್ನು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಟಿಕ್ ತೆಗೆದು ಬಂದ್ ಮಾಡಿ. ಸ್ಕ್ಯಾನ್ ಮಾಡಿ ಫೋಲ್ಡರ್‌ಗೆ ಕಳಿಸುವ ಹಳೆಯ ಝೆರಾಕ್ಸ್ ಯಂತ್ರಗಳು ಅದರಿಂದ ಕೆಲಸ ನಿಲ್ಲಿಸಬಹುದು. ಹಾಗಾಗಿ ಒಂದು ಕಂಪ್ಯೂಟರ್‌ನಲ್ಲಿ ಮಾಡಿ ನೋಡಿ ಆಮೇಲೆ ಎಲ್ಲದರಲ್ಲೂ ಮಾಡಿ. ದಿನದ ಕೆಲಸಕ್ಕೆ ಯಾರೂ ಅಡ್ಮಿನ್ ಲಾಗಿನ್ ಬಳಸುವುದು ಬೇಡ, ಮಾಲೀಕರೂ ಸೇರಿ.

ಇನ್ನು ನೆಟ್‌ವರ್ಕನ್ನು ಭಾಗ ಮಾಡುವುದು. ನಮ್ಮ ಕಡೆ ಬಹಳ ಉದ್ಯಮಗಳು ಇದನ್ನು ಮಾಡಿಲ್ಲ. ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳುವುದೂ ಇದನ್ನೇ. ಎಲ್ಲ ಸಾಧನಗಳೂ ಒಂದೇ ಸ್ವಿಚ್‌ಗೆ, ಒಂದೇ ಸಾಲಿನ ವಿಳಾಸಕ್ಕೆ ಸೇರಿದ್ದರೆ ಅದು ಗೋಲಗುಮ್ಮಟ ಇದ್ದಂತೆ. ಒಂದು ಮೂಲೆಯ ಪಿಸುಮಾತು ಇಡೀ ಗುಮ್ಮಟಕ್ಕೆ ಕೇಳುತ್ತದೆ. ಒಂದು ಕ್ಯಾಮೆರಾ ಬಿದ್ದರೆ ಟ್ಯಾಲಿ ಎರಡೇ ಹೆಜ್ಜೆ ದೂರ. 2022ರ ನವೆಂಬರ್ 23ಕ್ಕೆ ದೆಹಲಿಯ ಏಮ್ಸ್ ಆಸ್ಪತ್ರೆಯ ಮೇಲೆ ದಾಳಿಯಾಗಿ ಐದು ಸರ್ವರ್‌ಗಳ ಮಾಹಿತಿಗೆ ಬೀಗ ಬಿತ್ತು. ಹಲವು ದಿನ ಚೀಟಿ ಬರೆದೇ ಕೆಲಸ ನಡೆಯಿತು. ನೆಟ್‌ವರ್ಕನ್ನು ಸರಿಯಾಗಿ ಭಾಗ ಮಾಡಿರದಿದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿನಲ್ಲಿ ಹೇಳಿತು.

ಹಳೆಯ ವಾಡೆ ನೆನಪಿಸಿಕೊಳ್ಳಿ. ದೊಡ್ಡ ಬಾಗಿಲು ದಾಟಿದರೆ ಅಂಗಳ. ಅಲ್ಲಿಂದ ಪಡಸಾಲೆಗೆ ಇನ್ನೊಂದು ಬಾಗಿಲು. ತಿಜೋರಿ ಇನ್ನೂ ಒಳಗೆ. ನೆಟ್‌ವರ್ಕ್ ಕೂಡ ಹಾಗೇ ಇರಲಿ. ಆಫೀಸು ಮತ್ತು ಟ್ಯಾಲಿ ಒಂದು ಭಾಗ. ಕ್ಯಾಮೆರಾ, ಹಾಜರಿ ಯಂತ್ರ ಇನ್ನೊಂದು. ಶಾಪ್ ಫ್ಲೋರ್‌ನ ಮಷಿನ್‌ಗಳು ಮತ್ತೊಂದು. ಬಂದವರಿಗೆ, ಕೆಲಸಗಾರರ ಮೊಬೈಲ್‌ಗೆ ಗೆಸ್ಟ್ ವೈಫೈ. ವಿಎಲ್‌ಎಎನ್, ಅಂದರೆ ಒಂದೇ ಸ್ವಿಚ್‌ನಲ್ಲಿ ಬೇರೆ ಬೇರೆ ನೆಟ್‌ವರ್ಕ್, ಮಾಡಬಲ್ಲ ಸ್ವಿಚ್ ಮತ್ತು ಅದಕ್ಕೆ ಹೊಂದುವ ರೂಟರ್ ಇದ್ದರೆ ಕೇಬಲ್ ಬದಲಿಸದೆ ಇಷ್ಟೂ ಆಗುತ್ತದೆ. ಭಾಗಗಳ ನಡುವೆ ಮೊದಲು ಎಲ್ಲವನ್ನೂ ತಡೆಯಿರಿ. ಆಮೇಲೆ ಬೇಕಾದ ಒಂದೊಂದನ್ನೇ ಬಿಡಿ.

ಶಾಪ್ ಫ್ಲೋರ್‌ಗೆ ಇದು ಬಹಳ ಬೇಕು. ಹಳೆಯ ಸಿಎನ್‌ಸಿಗಳ ಒಳಗೆ ವಿಂಡೋಸ್ ಎಕ್ಸ್‌ಪಿ ಇನ್ನೂ ಓಡುತ್ತಿರುತ್ತದೆ. ಅದನ್ನು ಬದಲಿಸಲು ಆಗುವುದಿಲ್ಲ, ಮಷಿನ್ ಚೆನ್ನಾಗಿ ನಡೆಯುತ್ತಿದೆ, ಅಷ್ಟು ಬಂಡವಾಳ ಹಾಕಿದ್ದೀರಿ. ಸರಿಪಡಿಸಲು ಆಗದ್ದನ್ನು ಬೇರೆಯಾಗಿಡಬೇಕು. ಅವಕ್ಕೆ ಇಂಟರ್ನೆಟ್ ಬೇಡವೇ ಬೇಡ. ಪ್ರೋಗ್ರಾಂ ಕಳಿಸಲು ನಡುವೆ ಒಂದೇ ಒಂದು ಕಂಪ್ಯೂಟರ್ ಇರಲಿ. ಅದು ಮಾತ್ರ ಹೊಸದಾಗಿರಲಿ, ಅಪ್‌ಡೇಟ್ ಆಗುತ್ತಿರಲಿ. ಪೆನ್‌ಡ್ರೈವ್ ಕೂಡ ಅಲ್ಲಿಯೇ ಸ್ಕ್ಯಾನ್ ಆಗಲಿ.

ಮಷಿನ್ ರಿಪೇರಿಯವರು, ಸಾಫ್ಟ್‌ವೇರ್‌ನವರು ದೂರದಿಂದ ಬರುವ ದಾರಿಯನ್ನೂ ಬಿಗಿ ಮಾಡಿ. 2013ರಲ್ಲಿ ಅಮೆರಿಕದ ಟಾರ್ಗೆಟ್ ಅಂಗಡಿಗಳಿಂದ ಸುಮಾರು 4 ಕೋಟಿ ಕಾರ್ಡ್‌ಗಳ ಮಾಹಿತಿ ಕಳವಾಯಿತು. ಕಳ್ಳರು ಒಳಬಂದದ್ದು ಶೀತಲೀಕರಣದ ಕೆಲಸ ಮಾಡುವ ಗುತ್ತಿಗೆದಾರರ ಲಾಗಿನ್‌ನಿಂದ. 2024ರ ಜುಲೈನಲ್ಲಿ ತಂತ್ರಜ್ಞಾನ ಸೇವೆ ಕೊಡುವ ಒಂದು ಕಂಪನಿಗೆ ಪೆಟ್ಟು ಬಿದ್ದು, ನಮ್ಮ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆಗೆ ತೊಂದರೆಯಾಯಿತು. ಸಹಕಾರಿ ಸಂಘಗಳವರು ಇದನ್ನು ಮನಸ್ಸಿನಲ್ಲಿಡಬೇಕು. ಎನಿಡೆಸ್ಕ್ ಬೇಕಾದಾಗ ತೆರೆಯಿರಿ. ಕೆಲಸ ಮುಗಿಯುವವರೆಗೆ ಒಬ್ಬರು ಮುಂದೆ ಕೂತಿರಿ. ಆಮೇಲೆ ಮುಚ್ಚಿ.

ಬ್ಯಾಕಪ್ ಮೂರು ಪ್ರತಿ ಇರಲಿ, ಎರಡು ಬಗೆಯ ಜಾಗದಲ್ಲಿ, ಒಂದು ಕಟ್ಟಡದ ಹೊರಗೆ. ಹಾರ್ಡ್‌ಡಿಸ್ಕ್ ಪ್ರತಿ ತೆಗೆದ ತಕ್ಷಣ ಬಿಚ್ಚಿ ಕಪಾಟಿನಲ್ಲಿಡಿ. ಎರಡು ಡಿಸ್ಕ್ ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರ್‌ನಲ್ಲಿ ಟ್ಯಾಲಿಯನ್ನು ಆ ಬ್ಯಾಕಪ್‌ನಿಂದ ತೆರೆದು, ನಿನ್ನೆಯ ವೋಚರ್ ಕಾಣುತ್ತದೆಯೇ ನೋಡಿ. ಹೀಗೆ ತೆರೆದು ನೋಡದ ಬ್ಯಾಕಪ್ಪನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಲಾಗ್‌ಗಳ, ಅಂದರೆ ಯಾವಾಗ ಏನು ನಡೆಯಿತು ಎಂದು ಸಾಧನಗಳು ಬರೆದಿಡುವ ದಾಖಲೆಗಳ, ವಿಷಯ ಚಿಕ್ಕದು. ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಕಂಪನಿಗಳು 180 ದಿನಗಳ ಲಾಗ್ ಇಟ್ಟಿರಬೇಕು, ಸಾಧನಗಳ ಗಡಿಯಾರ ಸರಿಯಾಗಿರಬೇಕು ಎಂದು ಹೇಳಿದೆ. ಕರೆಂಟ್ ಹೋಗಿ ಬಂದಾಗ ಹಳೆಯ ರೂಟರ್, ಡಿವಿಆರ್‌ಗಳ ಗಡಿಯಾರ ಎಲ್ಲಿಗೋ ಹೋಗಿರುತ್ತದೆ. ಇಂಟರ್ನೆಟ್‌ನಿಂದ ಸಮಯ ಪಡೆಯುವ ಎನ್‌ಟಿಪಿ ಆಯ್ಕೆ ಆನ್ ಮಾಡಿದರೆ ತಾನೇ ಸರಿಯಾಗುತ್ತದೆ. ಸಮಯ ತಪ್ಪಿದ ಲಾಗ್‌ನಿಂದ ಯಾವುದು ಮೊದಲು ನಡೆಯಿತು ಎಂದು ಹೇಳಲು ಬರುವುದಿಲ್ಲ.

ಆರನೇ ಹೆಜ್ಜೆ: ಮತ್ತೆ ನೋಡಿ, ಒಂದು ವಹಿ ಇಡಿ

ಎಲ್ಲ ಆದ ಮೇಲೆ ಎರಡನೇ ಮತ್ತು ಮೂರನೇ ಹೆಜ್ಜೆಯನ್ನು ಮತ್ತೆ ಮಾಡಿ. ಹಳೆಯ ಫಲಿತಾಂಶವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿ. "ಮುಚ್ಚಿದೆ" ಅಂದುಕೊಂಡ ಬಾಗಿಲು ರೂಟರ್ ರೀಸ್ಟಾರ್ಟ್ ಆದ ಮೇಲೆ ಮತ್ತೆ ತೆರೆದಿರುವುದುಂಟು, ಸೆಟ್ಟಿಂಗ್ ಸೇವ್ ಮಾಡಲು ಮರೆತಿರುತ್ತಾರೆ. ಮೂರು ತಿಂಗಳಿಗೊಮ್ಮೆ ಇದೇ ಸ್ಕ್ಯಾನ್ ನಡೆಯಲಿ. ಹೊಸ ಮಷಿನ್ ಬಂದಾಗ, ಯಾರಾದರೂ ಕೆಲಸ ಬಿಟ್ಟಾಗ, ಇಂಟರ್ನೆಟ್ ಕಂಪನಿ ಬದಲಿಸಿದಾಗಲೂ ನಡೆಯಲಿ.

ಅದರ ಜೊತೆ ಒಂದು ಪುಸ್ತಕ ಇಡಿ. ನಮ್ಮ ಹಿರಿಯರು ಕಿರ್ದಿ, ಖತಾವಣಿ ಇಟ್ಟಂತೆ ಇದು "ಸದ್ಯಕ್ಕೆ" ವಹಿ. ತಾತ್ಕಾಲಿಕವಾಗಿ ಏನೇ ತೆರೆದರೂ ಅದರಲ್ಲಿ ಒಂದು ಸಾಲು. ಏನು ತೆರೆದೆವು, ಯಾರಿಗಾಗಿ, ಯಾವ ತಾರೀಖಿಗೆ ಮುಚ್ಚಬೇಕು, ಮುಚ್ಚಿದವರ ಸಹಿ. ತಾರೀಖು ಬರೆಯದೆ ಯಾವುದನ್ನೂ ತೆರೆಯುವಂತಿಲ್ಲ. ಶನಿವಾರ ಸಂಜೆ ಮಾಲೀಕರು ಒಮ್ಮೆ ಕಣ್ಣಾಡಿಸಿ, ಸಹಿ ಇಲ್ಲದ ಸಾಲಿದ್ದರೆ ಕೇಳಬೇಕು. ಉದ್ಯಮಬಾಗ್‌ನ ಆ ಮಷಿನ್ ಶಾಪ್‌ನಲ್ಲಿ ಈಗ ಇದು ನಡೆಯುತ್ತಿದೆ. ಹಾಜರಿ ಪುಸ್ತಕದ ಪಕ್ಕದಲ್ಲೇ ಇಟ್ಟಿದ್ದಾರೆ.

ಹೊರಗಿನವರನ್ನು ಕರೆಸುವಾಗ

ಸಹಕಾರಿ ಬ್ಯಾಂಕ್, ಆಸ್ಪತ್ರೆ, ಆನ್‌ಲೈನ್ ಮಾರಾಟ ಮಾಡುವವರು, ದೊಡ್ಡ ಕಂಪನಿಗೆ ಮಾಲು ಕೊಡುವವರು ವರ್ಷಕ್ಕೊಮ್ಮೆಯಾದರೂ ಹೊರಗಿನ ಪರಿಣತರಿಂದ ನೋಡಿಸಬೇಕು. ಸರ್ಟ್-ಇನ್ ಮಾನ್ಯತೆ ಪಡೆದ ಆಡಿಟರ್‌ಗಳ ಪಟ್ಟಿ ಅವರ ಜಾಲತಾಣದಲ್ಲೇ ಇದೆ. ದೋಷಗಳ ಪಟ್ಟಿ ಮಾಡುವುದು ಒಂದು ಕೆಲಸ, ಆ ದೋಷ ಬಳಸಿ ಎಷ್ಟು ಒಳಗೆ ಹೋಗಬಹುದು ಎಂದು ಪ್ರಯತ್ನಿಸಿ ತೋರಿಸುವುದು ಇನ್ನೊಂದು. ಯಾವುದಕ್ಕೆ ಹಣ ಕೊಡುತ್ತಿದ್ದೀರಿ ಮೊದಲೇ ಕೇಳಿ. ಸರಿಪಡಿಸಿದ ಮೇಲೆ ಮರುಪರೀಕ್ಷೆ ಅದೇ ದರದಲ್ಲಿ ಸೇರಿದೆಯಾ ಎಂದೂ ಕೇಳಿ. ಸ್ಕ್ಯಾನರ್ ಕೊಟ್ಟ ಇನ್ನೂರು ಪುಟವನ್ನು ಹಾಗೇ ಪ್ರಿಂಟ್ ಹೊಡೆದು ಕೊಟ್ಟರೆ ಒಪ್ಪಬೇಡಿ. ನಿಮಗೆ ಬೇಕಾದದ್ದು ಯಾವುದು ಮೊದಲು, ಯಾಕೆ, ಹೇಗೆ ಎಂಬ ಐದಾರು ಪುಟ.

ಇಷ್ಟಾದರೂ ಏನಾದರೂ ಆದರೆ

ಒಂದು ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಇದನ್ನು ಬರೆದಿಡಿ. ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ವೈಫೈ ಬಂದ್ ಮಾಡಿ. ಕಂಪ್ಯೂಟರ್ ಆಫ್ ಮಾಡಬೇಡಿ, ಅದರ ಮೆಮೊರಿಯಲ್ಲಿ ಕುರುಹು ಇರಬಹುದು. ಪರದೆಯ ಫೋಟೋ ತೆಗೆಯಿರಿ. ಬ್ಯಾಕಪ್ ಡಿಸ್ಕ್ ಮುಟ್ಟಬೇಡಿ, ಚುಚ್ಚಬೇಡಿ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಜಿಲ್ಲೆಯ, ಸೈಬರ್ ಅಪರಾಧ ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಡಿ. ನಿಮಗೆ ಗೊತ್ತಾದ ಆರು ತಾಸಿನೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು, ಅವರ ಉಚಿತ ನಂಬರ್ 1800-11-4949. ನೋ ಮೋರ್ ರ್ಯಾನ್ಸಮ್ ಎಂಬ ತಾಣದಲ್ಲಿ ಕೆಲವು ಬಗೆಯ ಬೀಗಗಳಿಗೆ ಉಚಿತ ಕೀಲಿ ಸಿಗುತ್ತದೆ. ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು ಸೇರಿ 2016ರಲ್ಲಿ ಶುರುಮಾಡಿದ್ದು ಅದು. ನೆಟ್‌ವರ್ಕ್ ನೋಡಿಕೊಳ್ಳುವವರ ಫೋನ್ ನಂಬರ್, ಅವರು ಸಿಗದಿದ್ದರೆ ಇನ್ನೊಬ್ಬರ ನಂಬರ್ ಕೆಳಗೆ ಇರಲಿ.

ಆ ಕಾಗದವನ್ನು ರೂಟರ್ ಇರುವ ಗೋಡೆಗೆ ಅಂಟಿಸಿ, ಇನ್ನೊಂದು ಪ್ರತಿಯನ್ನು ಗೇಟಿನ ವಾಚ್‌ಮನ್ ಬಳಿ ಕೊಡಿ. ಕಂಪ್ಯೂಟರ್‌ನಲ್ಲಿ ಮಾತ್ರ ಉಳಿಸಿಡಬೇಡಿ. ಬೇಕಾಗುವ ದಿನ ಆ ಫೈಲೂ ತೆರೆಯುವುದಿಲ್ಲ.